ಕೂಗಿದ ಮೇಲೆ ಊರಿನ ಹೆಸರನ್ನೂ ಹೇಳಿ

2024ರ ಆಗಸ್ಟ್ 11, ಭಾನುವಾರ. ಒಸಾಕಾದಲ್ಲಿ ಬೆಳಗಿನ ಹತ್ತು ಗಂಟೆ, ಊರಲ್ಲಿ ಆರೂವರೆ. ಅವ್ವನ ಫೋನು. "ಡ್ಯಾಮು ಒಡದೈತಂತಲ್ಲೋ ಯಪ್ಪಾ, ಟಿವ್ಯಾಗ ತೋರ್ಸಾಕತ್ಯಾರ." ನಮ್ಮೂರು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು, ತುಂಗಭದ್ರೆಯ ದಂಡೆ. ರೇಷನ್ ಕಾರ್ಡು, ಹೊಲದ ಪಹಣಿ, ಎರಡು ಸೀರೆಯನ್ನು ಗೊಬ್ಬರದ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ದಳು. ಎಮ್ಮಿ ಬಿಚ್ಚಲೇನು ಅಂತ ಕೇಳಿದಳು. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ಒಡೆದದ್ದು ಡ್ಯಾಮಲ್ಲ. ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ, ಅಂದರೆ ಹೊಳೆಗೆ ನೀರು ಬಿಡುವ ಮೇಲಿನ ಬಾಗಿಲುಗಳಲ್ಲಿ, 19ನೆಯದರ ಚೈನು ಹಿಂದಿನ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ಸುಮಾರು 1 ಲಕ್ಷ ಕ್ಯೂಸೆಕ್ ಬಿಡುತ್ತಿದ್ದರು. 2019ರ ಆಗಸ್ಟಿನಲ್ಲಿ ಇದಕ್ಕಿಂತ ದೊಡ್ಡ ಹೊಳೆಯನ್ನು ಅವ್ವನೇ ಕಂಡಿದ್ದಳು. ಅವಳು ನೋಡುತ್ತಿದ್ದ ಚಾನೆಲ್ಲನ್ನೇ ಮೊಬೈಲಿನಲ್ಲಿ ಹಾಕಿದೆ. ಕೆಂಪು ಪಟ್ಟಿ, ಸೈರನ್ ಸದ್ದು, ಯಾವುದೋ ಹಳೆಯ ನೆರೆಯಲ್ಲಿ ಕುಸಿಯುವ ಮನೆ. ಎರಡು ನಿಮಿಷಕ್ಕೆ ಮತ್ತೆ ಅದೇ ಮನೆ. ಯಾವ ಊರಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂಬ ಮಾತು ಮಾತ್ರ ಬರಲೇ ಇಲ್ಲ.

ಅದೇ ವರ್ಷ ಜನವರಿ 1ರಂದು ಇಲ್ಲಿ ನೋಟೋ ಭೂಕಂಪವಾದಾಗ ಜಪಾನಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯಲ್ಲಿ ವಾರ್ತೆ ಓದುವ ಹೆಣ್ಣುಮಗಳೂ ಕೂಗಿದ್ದಳು. ಎದೆ ನಡುಗುವಂಥ ಕೂಗು. ಈಗಲೇ ಓಡಿ, ಎತ್ತರಕ್ಕೆ ಹೋಗಿ, ತಿರುಗಿ ಬರಬೇಡಿ ಎಂದು. 2011ರ ಸುನಾಮಿಯ ನಂತರ ಅವರು ಬೇಕೆಂದೇ ರೂಢಿಸಿಕೊಂಡ ದನಿ ಅದು. ಪರದೆಯ ಮೇಲೆ ಚಿಕ್ಕ ಮಕ್ಕಳೂ ಓದಬಲ್ಲ ಸರಳ ಲಿಪಿ, ಕರಾವಳಿಯ ನಕ್ಷೆ, ಯಾವ ಭಾಗಕ್ಕೆ ಎಷ್ಟು ಮೀಟರ್ ಅಲೆ ಎಂಬ ಲೆಕ್ಕ. ಹಾಗಾಗಿ ಸುದ್ದಿಯವರು ದನಿ ಏರಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಆ ದನಿ ಕೇಳಿದವರು ಟಿವಿ ಬಿಟ್ಟು ಏಳಬೇಕಿತ್ತು. ಅವ್ವ ಟಿವಿ ಮುಂದೆಯೇ ಮಧ್ಯಾಹ್ನದವರೆಗೆ ಕೂತಳು, ಉಣ್ಣಲಿಲ್ಲ.

ನಮ್ಮ ಕಡೆಯ ನಿಜವಾದ ದಿಗಿಲು ಬೇರೆಯದೇ ಇತ್ತು. ತುಂಬಲು ಬಂದಿದ್ದ ಡ್ಯಾಮು ಬರಿದಾದರೆ ನಾಟಿ ಮಾಡಿದ ಭತ್ತದ ಗತಿಯೇನು? ಸಿಂಧನೂರು, ಮಾನ್ವಿಯ ಕಾಲುವೆ ಕೊನೆಯ ರೈತನಿಗೆ ನೀರು ಮುಟ್ಟುವುದೇ? ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಕಿಂಡಿ ಮುಚ್ಚಿದರು. ಕೈಮುಗಿಯಬೇಕಾದ ಕೆಲಸ.

ಒಗ್ಗರಣಿ ಮಿರ್ಚಿ ತಿನ್ನುತ್ತಾ ಪೇಪರಿನಲ್ಲಿ ಮೊದಲು ಡ್ಯಾಮಿನ ಮಟ್ಟ ಹುಡುಕುವ ಜನ ನಾವು. ಪೂರ್ಣ ಮಟ್ಟ 1633 ಅಡಿ, ಇಂದು ಎಷ್ಟು, ಒಳಹರಿವು, ಹೊರಹರಿವು. ಆ ನಾಲ್ಕು ಸಾಲನ್ನೇ ಸೈರನ್ನಿನ ಬದಲು ಪರದೆಗೆ ತನ್ನಿ. ಕಂಪ್ಲಿ, ಆನೆಗುಂದಿ ಎಂದು ಒಂದೊಂದೇ ಊರು ಹೆಸರಿಸಿ, ಎಮ್ಮೆ ಬಿಚ್ಚಬೇಕೋ ಬೇಡವೋ ಹೇಳಿ. ಜೋರಾಗಿ ಓದಿಯೇ ಹೇಳಿ, ನಮ್ಮವ್ವನಿಗೆ ಓದಲು ಬರುವುದಿಲ್ಲ.