ಐದು ಪಾಯಿಂಟ್ ಒಂದು, ಮೂರು ವಿಷಲ್

ಹೊಸ ಟಿವಿ ತಂದಿದ್ದೇ ಎಲ್ಲದಕ್ಕೂ ಕಾರಣ. 43 ಇಂಚು, ಎರಡು ಬೆರಳು ದಪ್ಪ. ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಧ್ವನಿ ಮಾತ್ರ ನೆಗಡಿಯಾದವರು ಮೂಗಿನಲ್ಲಿ ಮಾತಾಡಿದ ಹಾಗೆ. ಅದರ ತಪ್ಪೇನಿಲ್ಲ ಬಿಡಿ. ಅಷ್ಟು ತೆಳ್ಳಗಿನ ಡಬ್ಬಿಯಲ್ಲಿ ಸ್ಪೀಕರ್ ಇಡೋಕೆ ಜಾಗ ಎಲ್ಲಿದೆ? ಇರುವ ಎರಡು ಪುಟ್ಟ ಸ್ಪೀಕರ್‌ಗಳು ನೆಲದ ಕಡೆ ಮುಖ ಮಾಡಿಕೊಂಡು, ಮುನಿಸಿಕೊಂಡ ಮಕ್ಕಳ ಹಾಗೆ ಗೊಣಗುತ್ತವೆ.

"ರೀ, ಅತ್ತೆ ಏನಂದ್ಲು?" ಎಂದು ಹೆಂಡತಿ ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಸೀರಿಯಲ್ ಅತ್ತೆ. ನಾನು ಇಂಥ ಸಂದರ್ಭಕ್ಕೇ ಕಾಯುತ್ತಿದ್ದೆ. ಅಮೆರಿಕಕ್ಕೆ ಹೊರಟ ಗೆಳೆಯನೊಬ್ಬ ಮೂರು ವರ್ಷದ ಹಿಂದೆ ಐದು ಸ್ಪೀಕರ್, ಒಂದು ಸಬ್‌ವೂಫರ್ ನಮ್ಮನೆ ಅಟ್ಟದ ಮೇಲೆ ಬಿಟ್ಟುಹೋಗಿದ್ದ. ಅವುಗಳಿಗೆ ಜೀವ ಕೊಡುವ ರಿಸೀವರ್ ಒಂದು ತಂದರೆ ಮುಗಿಯಿತು, ಮನೆಯೇ ಥಿಯೇಟರ್. ದಾರಿಯಲ್ಲಿ ಲಾಳ ಸಿಕ್ಕಿತು ಅಂತ ಕುದುರೆ ಹುಡುಕಲು ಹೊರಟವನ ಕಥೆ ನಂದು.

"ಇಪ್ಪತ್ತೈದು ಸಾವಿರದ ಒಳಗೆ," ಎಂದಳು. "ಅದಕ್ಕಿಂತ ಜಾಸ್ತಿ ಆದ್ರೆ ಅತ್ತೆ ಏನಂದ್ಲು ಅಂತ ನಾನೇ ಊಹೆ ಮಾಡ್ಕೋತೀನಿ."

ಶನಿವಾರ ಎಸ್‌.ಪಿ. ರೋಡಿಗೆ ಹೋದೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆಗೆ. ಟೌನ್‌ಹಾಲ್ ಹತ್ತಿರ ಇಳಿದು, ಆ ಸಂದಿಗಳಲ್ಲಿ ತಳ್ಳುಗಾಡಿ, ಸ್ಕೂಟರು, ತಲೆ ಮೇಲೆ ಮಾನಿಟರ್ ಹೊತ್ತವರ ನಡುವೆ ತೂರಿಕೊಂಡು ಹೋಗಿ ಗೊತ್ತಿದ್ದರೆ ನಿಮಗೆ ಅರ್ಥವಾಗುತ್ತದೆ. ಅಲ್ಲಿ ಮನುಷ್ಯರಿಗೂ ಸರೌಂಡ್ ಸೌಂಡೇ. ಎಡಗಡೆಯಿಂದ "ಏನ್ ಬೇಕು ಸಾರ್", ಬಲಗಡೆಯಿಂದ "ಬನ್ನಿ ಸಾರ್", ಬೆನ್ನ ಹಿಂದೆ "ಸೈಡ್, ಸೈಡ್". ಇದಕ್ಕೆ ರಿಸೀವರ್ ಬೇಕಿಲ್ಲ.

ಮೊದಲ ಅಂಗಡಿಯ ಹುಡುಗ ಕೇಳಿದ: "5.1ಆ, 7.1ಆ, 5.1.2ಆ ಸಾರ್?"

ಪಿನ್‌ಕೋಡ್ ಕೇಳುತ್ತಿದ್ದಾನೆ ಅನ್ನಿಸಿತು. ಅವನೇ ಬಿಡಿಸಿ ಹೇಳಿದ. ಮೊದಲ ಅಂಕಿ ನಮ್ಮ ಸುತ್ತ ಕೂರುವ ಸ್ಪೀಕರ್‌ಗಳದ್ದು. ಪಾಯಿಂಟ್ ಒಂದು ಅಂದರೆ ಗುಡುಗು, ಸ್ಫೋಟ ಇಂಥ ದಪ್ಪ ದನಿಗೇ ಮೀಸಲಾದ ಸಬ್‌ವೂಫರ್. ಕೊನೆಯ ಎರಡು, ತಲೆಯ ಮೇಲಿನಿಂದ ಸದ್ದು ಬರಿಸುವ ಅಟ್ಮಾಸ್ ಸ್ಪೀಕರ್‌ಗಳು. "ಮಳೆ ಮೇಲಿಂದಲೇ ಸುರಿದಂಗೆ ಆಗತ್ತೆ ಸಾರ್. ಹದಿನೈದು ಸಾವಿರ ಜಾಸ್ತಿ ಅಷ್ಟೆ."

ಹೆಂಡತಿಗೆ ಫೋನ್ ಮಾಡಿದೆ. "ನಮ್ಮನೇಲಿ ಮಳೆ ಮೇಲಿಂದಲೇ ಬೀಳತ್ತೆ ಅಲ್ವಾ? ಅಡುಗೆಮನೇಲಿ ಎರಡು ಬಕೆಟ್ ಇಟ್ಟಿದೀನಿ," ಎಂದಳು. 5.1 ಎಂದು ತೀರ್ಮಾನವಾಯಿತು.

ಇನ್ನು ವ್ಯಾಟ್, ಅಂದರೆ ಸ್ಪೀಕರ್‌ಗೆ ಸಿಗುವ ಶಕ್ತಿಯ ಲೆಕ್ಕ. ಈ ವಿಷಯದಲ್ಲಿ ನನ್ನ ತಲೆಮಾರಿನವರು ಸುಮ್ನೆ ಮೋಸ ಹೋಗುವುದಿಲ್ಲ, ಒಮ್ಮೆ ಹೋಗಿ ಆಗಿದೆ. ಹೈಸ್ಕೂಲಿನಲ್ಲಿದ್ದಾಗ ಮನೆಗೆ ಬಂದ ಟೂ-ಇನ್-ವನ್ ಮೇಲೆ '1000 ವ್ಯಾಟ್ ಪಿಎಂಪಿಒ' ಎಂಬ ಬಂಗಾರದ ಬಣ್ಣದ ಚೀಟಿ ಇತ್ತು. ಪಿಎಂಪಿಒ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗುತ್ತದೆ ಎನ್ನುವ ಗರಿಷ್ಠ ಶಕ್ತಿ. ಮನೆಯ ಇಸ್ತ್ರಿಪೆಟ್ಟಿಗೆಯೂ 1000 ವ್ಯಾಟೇ. ಇಸ್ತ್ರಿಪೆಟ್ಟಿಗೆ ಹಾಕಿದರೆ ಮೀಟರ್ ಚಕ್ರ ಗಿರಗಿರ ತಿರುಗುತ್ತಿತ್ತು. ಟೂ-ಇನ್-ವನ್ ಹಾಕಿದರೆ ಅದಕ್ಕೆ ಎಚ್ಚರವೇ ಆಗುತ್ತಿರಲಿಲ್ಲ. ಅದೇ ವ್ಯಾಟು ಹೇಗೆ ಒಂದು ಕಡೆ ಬಟ್ಟೆ ಸುಡುತ್ತದೆ, ಇನ್ನೊಂದು ಕಡೆ ಭಾವಗೀತೆ ಹಾಡುತ್ತದೆ ಎಂದು ಅಪ್ಪನನ್ನು ಕೇಳಿ ಬೈಸಿಕೊಂಡಿದ್ದೆ.

ಈಗಿನ ಪೆಟ್ಟಿಗೆಗಳು ಅಷ್ಟು ಸುಳ್ಳು ಹೇಳುವುದಿಲ್ಲ. ನಿಜವನ್ನು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಎದುರಿಗೆ ದೊಡ್ಡದಾಗಿ 135 ವ್ಯಾಟ್. ಬುಡದಲ್ಲಿ ಇರುವೆ ಸಾಲಿನ ಹಾಗೆ '6 ಓಮ್, 1 ಕಿಲೋಹರ್ಟ್ಸ್, 1 ಚಾನೆಲ್, 10 ಪರ್ಸೆಂಟ್ ಡಿಸ್ಟಾರ್ಷನ್'. ಓಮ್ ಎನ್ನುವುದು ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಡಿಸ್ಟಾರ್ಷನ್ ಎನ್ನುವುದು ದನಿ ಕೆಡುವುದು. ಅಂದರೆ ಉಳಿದ ನಾಲ್ಕು ಸ್ಪೀಕರ್ ಬಾಯಿ ಮುಚ್ಚಿಕೊಂಡಿರುವಾಗ, ಒಂದೇ ಒಂದು ಸ್ಪೀಕರ್ ಒಂದೇ ಸ್ವರವನ್ನು ಗಂಟಲು ಹರಿಯುವಂತೆ ಕಿರುಚಿದರೆ ಅಷ್ಟು. ಒಬ್ಬನೇ ಓಡಿದ ಓಟದಲ್ಲಿ ಫಸ್ಟ್ ಪ್ರೈಜ್. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 2 ಚಾನೆಲ್ ಎಂದು, ಅಂದರೆ ಎರಡು ಸ್ಪೀಕರ್ ಸೇರಿ ಕಿವಿಗೆ ಕೇಳುವ ಎಲ್ಲ ಸ್ವರ ಹಾಡಿದಾಗಿನ ಲೆಕ್ಕ ಬರೆದ ಸಾಲೊಂದು ಇರುತ್ತದೆ, ನೋಡಬೇಕಾದ್ದು ಅದನ್ನು. ಅಲ್ಲಿ ವ್ಯಾಟು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತದೆ. ಇಳಿದರೂ ಗಾಬರಿಯಾಗಬೇಕಿಲ್ಲ. ವ್ಯಾಟು ಎರಡು ಪಟ್ಟಾದರೆ ಜಾಸ್ತಿಯಾಗುವುದು 3 ಡೆಸಿಬೆಲ್, ಕಿವಿಗೆ 'ಸ್ವಲ್ಪ ಜೋರಾಯ್ತು' ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟು ಹತ್ತು ಪಟ್ಟಾಗಬೇಕು. ನಮ್ಮದು ಹತ್ತಕ್ಕೆ ಹದಿನಾಲ್ಕು ಅಡಿ ಹಾಲ್, ಅದರಲ್ಲೂ ಅರ್ಧ ಸೋಫಾ. ದಸರಾ ಮೈದಾನವೇನಲ್ಲ.

ಇಷ್ಟೆಲ್ಲ ಜ್ಞಾನ ನನ್ನದಲ್ಲ. ತಿಪಟೂರು ಕಡೆ ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಮದುವೆ, ಜಾತ್ರೆ, ರಾತ್ರಿಯಿಡೀ ನಾಟಕ. ಅಹುಜಾ ಆಂಪ್ಲಿಫೈಯರ್, ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್. ಮನೆಯಲ್ಲಿ ಹಾಡು ಕೇಳಲು ಮಾತ್ರ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿದ್ದರು. ಆ ಗಡಿಗೆಯ ಬೇಸ್ ಕೇಳಿ ಬೆಳೆದವನಿಗೆ ಸಬ್‌ವೂಫರ್ ಏನು ದೊಡ್ಡ ವಿಷಯವಲ್ಲ. ಅಂಗಡಿಯಿಂದಲೇ ಅವರಿಗೆ ಫೋನ್ ಹಚ್ಚಿದೆ.

"ವ್ಯಾಟ್ ಬಿಡು ಮಗ. ನಿನ್ ಸ್ಪೀಕರ್ ಎಷ್ಟು ಓಮು? ಅದುನ್ನ ನೋಡು. ನಾಕು ಓಮಿಂದ ತಗುಲಿಸಿ ಗಂಟೆಗಟ್ಲೆ ಜೋರಾಗಿ ಹಾಕಿದ್ರೆ ಬಡಪಾಯಿ ಆಂಪ್ಲಿಫೈಯರ್ ಕಾವಲಿ ಆಯ್ತದೆ." ನನ್ನವು 6 ಓಮ್. ಪಾಸ್. "ಯಾವ ಕಂಪ್ನಿ?"

"ಯಮಹಾ ದೊಡ್ಡಪ್ಪ. ಆರ್‌ಎಕ್ಸ್ ಅಂತ ಏನೋ ನಂಬರ್ ಇದೆ. ಡಿಸ್ಪ್ಲೇಗೆ ಇಟ್ಟಿದ್ದ ಪೀಸಂತೆ, ಇಪ್ಪತ್ನಾಕು ಸಾವಿರಕ್ಕೆ ಕೊಡ್ತೀನಿ ಅಂತಿದಾನೆ."

ಆ ಕಡೆ ಸ್ವಲ್ಪ ಹೊತ್ತು ಮೌನ. "ಆರ್‌ಎಕ್ಸ್ ಮೇಲೇ ಅಲ್ವೇನೋ ನಾನು ಆಂಪ್ಲಿಫೈಯರ್ ಹೇರ್ಕೊಂಡು ಓಡಾಡ್ತಿದ್ದಿದ್ದು!"

ಅವರ ಆರ್‌ಎಕ್ಸ್ 100 ಬರುವುದು ಎರಡು ಊರಾಚೆಯಿಂದಲೇ ಕೇಳಿಸುತ್ತಿತ್ತು. ಅದರ ಟ್ಯಾಂಕಿನ ಮೇಲಿನ ಗುರುತನ್ನು ನಾನು ಚಿಕ್ಕವನಿದ್ದಾಗ ಚಕ್ರದ ಕಡ್ಡಿಗಳು ಅಂದುಕೊಂಡಿದ್ದೆ. ಅವು ಮೂರು ಟ್ಯೂನಿಂಗ್ ಫೋರ್ಕ್. ವಾದ್ಯ ಶ್ರುತಿ ಮಾಡುವ ಸಾಧನ. ಆ ಕಂಪನಿ 1887ರಲ್ಲಿ ಶುರುವಾಗಿದ್ದೇ ನಮ್ಮ ಹಾರ್ಮೋನಿಯಂನ ಅಣ್ಣನಂಥ ರೀಡ್ ಆರ್ಗನ್ ಮಾಡುವುದರಿಂದ. ಬೈಕು ಬಂದಿದ್ದು ಎಷ್ಟೋ ವರ್ಷ ಆಮೇಲೆ. ದೊಡ್ಡಪ್ಪನಿಗೆ ಇದನ್ನು ಹೇಳಿದರೆ, "ಮತ್ತೆ? ಸೈಲೆನ್ಸರ್ ಸುಮ್ನೆ ಹಂಗೆ ಹಾಡ್ತಿತ್ತಾ?" ಎಂದರು. ತಗೊಂಡೆ.

ಭಾನುವಾರ ಬೆಳಗ್ಗೆ ಅಳತೆ ಟೇಪು ಹಿಡಿದು ಕೂತೆ. ಕೂತವರ ನೆತ್ತಿಯಿಂದ ಲೆಕ್ಕ ಹಾಕಿದರೆ ಮುಂದಿನ ಎರಡು ಸ್ಪೀಕರ್ 30 ಡಿಗ್ರಿ ಎಡಕ್ಕೆ, ಬಲಕ್ಕೆ. ಮಾತಿಗೆಂದೇ ಇರುವ ಸೆಂಟರ್ ಸ್ಪೀಕರ್ ಟಿವಿ ಕೆಳಗೆ. ಉಳಿದೆರಡು ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ. ಎಡಗಡೆಯದು ಸರಿಯಾಗಿ ಕೂತಿತು. ಬಲಗಡೆಯ 110 ಡಿಗ್ರಿ ಹೋಗಿ ನಿಂತಿದ್ದು ದೇವರಮನೆ ಬಾಗಿಲಲ್ಲಿ.

"ದೇವರಿಗೆ ಬೆನ್ನು ಹಾಕಿ ಇಡ್ತೀರಾ ಅದನ್ನ?" ಎಂದಳು.

"ದೇವರ ಕಡೆ ಮುಖ ಮಾಡಿದ್ರೆ ನಮಗೆ ಕೇಳಿಸಲ್ವೇ."

ಕೊನೆಗೆ ಬಾಗಿಲ ಪಕ್ಕ, ಮಾವಿನ ತೋರಣದ ಮೊಳೆಗೆ ಒಂದು ಗೇಣು ದೂರದಲ್ಲಿ ರಾಜಿಯಾಯಿತು. ಕೆಂಪು ತಂತಿ, ಕಪ್ಪು ತಂತಿ ಸಿಕ್ಕಿಸಿದೆ. ಟಿವಿಯಿಂದ ರಿಸೀವರ್‌ಗೆ ಸದ್ದು ತರುವ ಕೇಬಲ್ಲನ್ನು 'ಎಆರ್‌ಸಿ' ಎಂದು ಬರೆದ ತೂತಿಗೇ ಹಾಕಬೇಕು. ನಾನು ಪಕ್ಕದ್ದಕ್ಕೆ ಹಾಕಿ ಒಂದು ಗಂಟೆ ಕಳೆದಿದ್ದನ್ನು ಇಲ್ಲಿ ವಿವರಿಸುವುದಿಲ್ಲ.

ಆಮೇಲೆ ಶ್ರುತಿ ಮಾಡುವ ಕೆಲಸ. ರಿಸೀವರ್ ಜೊತೆ ಪುಟ್ಟ ಮೈಕೊಂದು ಬರುತ್ತದೆ. ಅದನ್ನು ನಾವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ, ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಹೊರಡಿಸಿ ದೂರ, ಜೋರು ಎಲ್ಲ ತಾನೇ ಅಳೆದುಕೊಳ್ಳುತ್ತದೆ. ಸ್ಟ್ಯಾಂಡ್ ಇರಲಿಲ್ಲ. ಸೋಫಾ ಮೇಲೆ ಮಣೆ, ಮಣೆ ಮೇಲೆ ಬೋರಲು ಹಾಕಿದ ಸೇರು, ಸೇರಿನ ಮೇಲೆ ಮೈಕು. ದೂರದಿಂದ ನೋಡಿದರೆ ಏನೋ ವ್ರತದ ಹಾಗಿತ್ತು. "ಎಲ್ಲರೂ ಐದು ನಿಮಿಷ ಉಸಿರಾಡಬೇಡಿ" ಎಂದು ಮಗಳಿಗೂ ಹೇಳಿ ಬಟನ್ ಒತ್ತಿದೆ.

ಎಡ ಸ್ಪೀಕರ್ 'ಊಂಯ್ಕ್' ಎಂದಿತು. ಅಡುಗೆಮನೆಯಿಂದ ಕುಕ್ಕರ್ 'ಶ್ಶ್ಶ್' ಎಂದು ಉತ್ತರ ಕೊಟ್ಟಿತು. ಪರದೆ ಮೇಲೆ 'ನಾಯ್ಸಿ' ಎಂದು ಬಂತು. ಗಲಾಟೆ ಜಾಸ್ತಿ, ಅಳೆಯಲು ಆಗುವುದಿಲ್ಲ.

"ಮೂರು ವಿಷಲ್ ಆಗ್ಬೇಕು. ಒಂದಾಗಿದೆ," ಎಂದಳು.

ಕಾದೆ. ಮೂರಾಯಿತು. ಮತ್ತೆ ಒತ್ತಿದೆ. ಬೀದಿಯಲ್ಲಿ ಆಟೋ ಮೇಲಿನ ಮೈಕು: "ಈರುಳ್ಳಿ, ಆಲೂಗೆಡ್ಡೆ, ಟಮೋಟ..." ನಾಯ್ಸಿ. ಮೂರನೇ ಸಲ ಎಲ್ಲ ಸರಿಹೋಗಿ ಸಬ್‌ವೂಫರ್ ಸರದಿ ಬಂತು. ಅದು 'ಢುಂ, ಢುಂ' ಎನ್ನುತ್ತಿದ್ದಂತೆ ಕರೆಗಂಟೆ. ಕೆಳಗಿನ ಮನೆಯ ಓನರ್ ಆಂಟಿ.

"ಏನಪ್ಪಾ, ಪಕ್ಕದ ಸೈಟಲ್ಲಿ ಬೋರ್‌ವೆಲ್ ಕೊರೆಸ್ತಿದಾರಾ? ನಮ್ಮ ಶೋಕೇಸ್ ಗಾಜೆಲ್ಲ ಗಡಗಡ ಅಂತಿದೆ."

"ಹೌದಾ ಆಂಟಿ? ನೋಡ್ತೀನಿ," ಎಂದೆ. ಸಬ್‌ವೂಫರ್ ಕೆಳಗೆ ಎರಡು ಮಡಿಕೆ ಯೋಗಾ ಮ್ಯಾಟ್ ಹಾಕಿದೆ. ಆ ಮ್ಯಾಟಿಗೆ ಮನೆಯಲ್ಲಿ ಸಿಕ್ಕ ಮೊದಲ ಕೆಲಸ ಅದು.

ನಾಲ್ಕನೇ ಸಲ ಅಳತೆ ಮುಗಿಯಿತು. ಆದರೆ ಪರದೆಯಲ್ಲಿ ಹೊಸ ತಗಾದೆ: 'ಔಟ್ ಆಫ್ ಫೇಸ್'.

ಈ ನಾಡಿನಲ್ಲಿ ಹುಟ್ಟಿದವನಿಗೆ ಅದರ ಅರ್ಥ ಒಂದೇ. ಫೇಸ್ ಹೋಗಿದೆ. ಹಳ್ಳಿಯಲ್ಲಿ ಪಂಪ್‌ಸೆಟ್ ಓಡದಿದ್ದರೆ, ಮನೆಯಲ್ಲಿ ಒಂದು ರೂಮಿನ ದೀಪ ಮಿಣುಕಿದರೆ ನಾವು ಹೇಳುವುದೇ ಅದು. ಮೀಟರ್ ಬೋರ್ಡಿಗೆ ಓಡಿದೆ, ಫ್ಯೂಸ್ ಕಿತ್ತು ಹಾಕಿದೆ, ಟೆಸ್ಟರ್ ಚುಚ್ಚಿದೆ. ಲೈನ್‌ಮ್ಯಾನ್‌ಗೆ ಫೋನ್ ಮಾಡಿದರೆ, "ಫ್ಯಾನ್ ತಿರುಗ್ತಿದೆಯಾ ಸಾರ್? ಮತ್ತೆ ಎಲ್ಲಿ ಹೋಗಿದೆ ಫೇಸು?" ಎಂದ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ದೊಡ್ಡಪ್ಪನೇ ಬಂದರು. ಬೆಂಗಳೂರಿನಲ್ಲಿ ಯಾರದೋ ನಾಮಕರಣವಿತ್ತಂತೆ. ನಾನು ನಂಬಲಿಲ್ಲ. ಚಪ್ಪಲಿ ಬಿಟ್ಟವರೇ ರಿಸೀವರ್ ಮುಂದೆ ಕೂತರು. ವಿಷಯ ಕೇಳಿ ನಕ್ಕು, "ತಂತಿ ಉಲ್ಟಾ ಕೊಟ್ಟಿದೀಯ. ಒಂದು ಸ್ಪೀಕರ್ ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತದೆ. ಬೇಸೆಲ್ಲ ಅಲ್ಲೇ ಹೊಡೆದಾಡಿ ಸತ್ತೋಯ್ತದೆ. ಒಂದು ಪೆನ್ಸಿಲ್ ಸೆಲ್ ಕೊಡು," ಎಂದರು.

ಮನೆಯಲ್ಲಿ ಹೊಸ ಸೆಲ್ ಇರಲಿಲ್ಲ. ಮಗಳು ಸ್ಟೂಲ್ ಹಾಕಿ ಗೋಡೆ ಗಡಿಯಾರದ ಸೆಲ್ ಬಿಚ್ಚಿಕೊಟ್ಟಳು. ದೊಡ್ಡಪ್ಪ ಸ್ಪೀಕರ್ ತಂತಿಗಳನ್ನು ರಿಸೀವರ್‌ನಿಂದ ಬಿಚ್ಚಿ, ಕೆಂಪನ್ನು ಸೆಲ್ಲಿನ ಪ್ಲಸ್ ಕಡೆ, ಕಪ್ಪನ್ನು ಬುಡಕ್ಕೆ ಒಂದು ಕ್ಷಣ ತಾಗಿಸಿದರು. 'ಟಪ್' ಎಂದು ಸ್ಪೀಕರ್‌ನ ಕಾಗದದ ಬಟ್ಟಲು ಮುಂದಕ್ಕೆ ಜಿಗಿಯಿತು. "ಇದು ಸರಿ ಐತೆ." ಎರಡನೆಯದು ಮುಂದಕ್ಕೆ. ಮೂರನೆಯದೂ. ದೇವರಮನೆ ಪಕ್ಕದ್ದು ಮಾತ್ರ 'ಟಪ್' ಎಂದು ಒಳಕ್ಕೆ ಸರಿಯಿತು, ಬೈಸಿಕೊಂಡವನು ಹೊಟ್ಟೆ ಒಳಕ್ಕೆ ಎಳೆದುಕೊಂಡ ಹಾಗೆ. ಮಗಳು ಮತ್ತೆ ಮತ್ತೆ ಮಾಡಿಸಿ ನೋಡಿದಳು.

ತಂತಿ ಅದಲುಬದಲು ಮಾಡಿದ ಮೇಲೆ ಸಂಜೆಯ ಸೀರಿಯಲ್ ಹಾಕಿದೆವು. ಅತ್ತೆ ಹಾಲಿಗೇ ಬಂದು ನಿಂತಂತೆ ಮಾತಾಡಿದಳು. ಹೆಂಡತಿ ಐದು ನಿಮಿಷ ಕೇಳಿ, "ಇಷ್ಟೇನಾ ಇವಳು ಹೇಳ್ತಿದ್ದಿದ್ದು? ಕೇಳಿಸದೆ ಇದ್ದಾಗಲೇ ಚೆನ್ನಾಗಿತ್ತು," ಎಂದಳು. ದೊಡ್ಡಪ್ಪ ಎದ್ದು ಹೋಗಿ ಹಿಂದಿನ ಸ್ಪೀಕರ್‌ಗೆ ಕಿವಿ ಕೊಟ್ಟರು. ಅದು ಮೌನ. ಸೀರಿಯಲ್ ಬರುವುದು ಎರಡೇ ಚಾನೆಲ್‌ನ ಸ್ಟೀರಿಯೋದಲ್ಲಿ, ಹಿಂದಿನವಕ್ಕೆ ಕೆಲಸವಿಲ್ಲ ಎಂದೆ. "ಸಂಬಳ ಇಲ್ದೆ ಕೂತವರಲ್ಲ ಪಾಪ," ಎಂದು ಅದರ ತಲೆ ಸವರಿ ಬಂದರು.

ರಾತ್ರಿ ಒಂದು ಹೊಡೆದಾಟದ ಸಿನಿಮಾ ಹಾಕಿ, ಹಿಂದಿನವಕ್ಕೂ ಕೆಲಸ ಕೊಟ್ಟು, ಆಂಟಿಯ ಶೋಕೇಸ್ ನೆನೆದು ಅರ್ಧ ವಾಲ್ಯೂಮಿನಲ್ಲಿ ನೋಡಿದೆವು. ನಡುನಡುವೆ ಎಲ್ಲರೂ ಗಡಿಯಾರ ನೋಡುತ್ತಿದ್ದೆವು. ಇನ್ನೂ ಆರೂ ಇಪ್ಪತ್ತು, ಟೈಮಿದೆ ಅಂದುಕೊಂಡು ಇನ್ನೊಂದು ಹಾಕಿದೆವು.

ಬೆಳಗ್ಗೆ ಸ್ಕೂಲ್ ವ್ಯಾನ್‌ನವನು ಹಾರ್ನ್ ಹೊಡೆದಾಗ ಮಗಳು ಹಾಸಿಗೆಯಲ್ಲೇ ಮಗ್ಗುಲಾಗಿ, "ಅಪ್ಪಾ, ಈ ಸೌಂಡ್ ಬಲಗಡೆಯಿಂದ ಬರ್ತಿದೆ," ಎಂದಳು. ಗೋಡೆಯ ಮೇಲೆ ಇನ್ನೂ ಆರೂ ಇಪ್ಪತ್ತು. ಸೆಲ್ ದೊಡ್ಡಪ್ಪನ ಜೇಬಿನಲ್ಲಿತ್ತು. ಅವರು ಮೊದಲ ಬಸ್ಸಿಗೇ ತಿಪಟೂರಿಗೆ ಹೊರಟಾಗಿತ್ತು.