ದಟ್ಟಿ ಕೊಟ್ಟವರೇ ಮೊಳ ಹಾಕುವ ಕಾಲ

ಲಂಡನ್ನಿನಲ್ಲಿ ದುಡಿಯುವ ನನಗೆ ತೆರಿಗೆ ಇಲಾಖೆಯಿಂದ ಪ್ರತಿವರ್ಷ ಒಂದು ಪಟ್ಟಿ ಸಿಗುತ್ತದೆ. ಕಟ್ಟಿದ ತೆರಿಗೆಯಲ್ಲಿ ಯಾವುದಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕ ಅದು. ಆಸ್ಪತ್ರೆ, ಪಿಂಚಣಿ, ಸಾಲದ ಬಡ್ಡಿ ಎಲ್ಲ ಮೇಲಿರುತ್ತವೆ. ತಳದಲ್ಲೆಲ್ಲೋ ಒಂದು ಬಡಪಾಯಿ ಸಾಲು: ವಿದೇಶಿ ನೆರವು. ಈ ಸಾಲಿನ ಬಗ್ಗೆ ಇಲ್ಲಿ ನಡೆಯುವಷ್ಟು ಜಗಳ ಬಡ್ಡಿಯ ಬಗ್ಗೆ ನಡೆದದ್ದನ್ನು ನಾನು ಕಾಣೆ.

2023ರಲ್ಲಿ ಚಂದ್ರಯಾನ-3 ಇಳಿದ ಮರುದಿನ ಸಹೋದ್ಯೋಗಿಯೊಬ್ಬರು ನಗುತ್ತಲೇ ಕೇಳಿದರು, "ಚಂದ್ರನ ಮೇಲೆ ಇಳಿಯುವವರಿಗೆ ನಾವೇಕೆ ಹಣ ಕೊಡಬೇಕು?" ಹಳೆಯ ಬಗೆಯ ಅನುದಾನವನ್ನು ನೀವು 2015ಕ್ಕೇ ನಿಲ್ಲಿಸಿದ್ದೀರಿ, ಈಗ ಬರುವುದರಲ್ಲಿ ಹೆಚ್ಚಿನದು ಹೂಡಿಕೆ, ಲಾಭ ಬಂದರೆ ನಿಮಗೇ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈಗ ಮೊಳ ಹಾಕುತ್ತಿರುವವರು ಕೊಟ್ಟವರೇ. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡುವುದಾಗಿ ಬ್ರಿಟನ್ 2015ರಲ್ಲಿ ಕಾನೂನನ್ನೇ ಮಾಡಿಕೊಂಡಿತ್ತು. 2021ರಲ್ಲಿ ಅದು 0.5ಕ್ಕೆ ಇಳಿಯಿತು. ರಕ್ಷಣಾ ವೆಚ್ಚಕ್ಕೆ ಹಣ ಬೇಕೆಂದು 2027ರ ಹೊತ್ತಿಗೆ 0.3ಕ್ಕೆ ಇಳಿಸುವುದಾಗಿ 2025ರ ಆರಂಭದಲ್ಲೇ ಪ್ರಕಟಿಸಿದರು. ಅದರಲ್ಲೂ ಒಂದು ಚಮತ್ಕಾರವಿದೆ. ಆಶ್ರಯ ಕೋರಿ ಬಂದವರನ್ನು ಬ್ರಿಟನ್ನಿನ ಹೋಟೆಲುಗಳಲ್ಲಿ ಇರಿಸಿದ ಖರ್ಚೂ ನಿಯಮದ ಪ್ರಕಾರ ವಿದೇಶಿ ನೆರವೇ! 2023ರ ನೆರವಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಹೀಗೆ ದೇಶದೊಳಗೇ ಕರಗಿತು.

ಅಮೆರಿಕ ಮೊಳವನ್ನೂ ಹಾಕಲಿಲ್ಲ, ದಟ್ಟಿಯನ್ನೇ ಎಳೆದುಕೊಂಡಿತು. 1961ರಲ್ಲಿ ಹುಟ್ಟಿದ, ಅಮೆರಿಕದ ವಿದೇಶಿ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಯೋಜನೆಗಳಲ್ಲಿ ಶೇ 83ರಷ್ಟನ್ನು 2025ರ ಮಾರ್ಚ್ ಹೊತ್ತಿಗೆ ರದ್ದು ಮಾಡಿದರು. ಜುಲೈ 1ಕ್ಕೆ ಸಂಸ್ಥೆಯೇ ಮುಗಿಯಿತು. ಕೈಕುಲುಕುವ ಎರಡು ಕೈಗಳ ಚಿತ್ರ, ಕೆಳಗೆ 'ಅಮೆರಿಕದ ಜನತೆಯಿಂದ' ಎಂಬ ಸಾಲು ಇರುವ ಧಾನ್ಯದ ಚೀಲಗಳು ಅಲ್ಲಿಗೆ ಇತಿಹಾಸ ಸೇರಿದವು.

ಭಾರತದ ರೀತಿಯೇ ಬೇರೆ. 'ನೆರವು' ಎಂಬ ಮಾತೇ ನಮ್ಮವರಿಗೆ ಹಿಡಿಸುವುದಿಲ್ಲ. ವಿದೇಶಾಂಗ ಸಚಿವಾಲಯದಲ್ಲಿ 2012ರಲ್ಲಿ ಇದಕ್ಕೆಂದೇ ತೆರೆದ ವಿಭಾಗದ ಹೆಸರಿನಲ್ಲಿರುವುದು 'ಅಭಿವೃದ್ಧಿ ಸಹಭಾಗಿತ್ವ'. ಬೇರೆ ದೇಶದವರಿಗೆಂದು 1964ರಿಂದ ನಡೆದುಬಂದ ಐಟೆಕ್ ತರಬೇತಿ ಒಂದು ಕಡೆ, ನಮ್ಮ ಸರ್ಕಾರದ್ದೇ ಆದ ಎಕ್ಸಿಮ್ ಬ್ಯಾಂಕ್ ಆ ದೇಶಗಳಿಗೆ ಕೊಡುವ ಸಾಲ ಇನ್ನೊಂದು ಕಡೆ. ಮಾಲ್ಡೀವ್ಸ್‌ನಲ್ಲಿ ರಾಜಧಾನಿ ಮಾಲೆಯನ್ನು ನೆರೆಯ ದ್ವೀಪಗಳಿಗೆ ಜೋಡಿಸುವ ಸೇತುವೆಗೆ ಭಾರತ ಕೊಟ್ಟದ್ದು 40 ಕೋಟಿ ಡಾಲರ್ ಸಾಲ, 10 ಕೋಟಿ ಅನುದಾನ. ಕಟ್ಟುತ್ತಿರುವುದು ಭಾರತದ್ದೇ ಕಂಪನಿ. ಇಂಥ ಸಾಲದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಸರಕು, ಸೇವೆಯನ್ನು ನಮ್ಮಿಂದಲೇ ಕೊಳ್ಳಬೇಕೆಂಬ ಷರತ್ತು ಇರುತ್ತದೆ. ಬ್ರಿಟನ್ ಇಂಥ ಷರತ್ತನ್ನು 2001ರಲ್ಲೇ ಕೈಬಿಟ್ಟಿತು. ಅದಕ್ಕೂ ಮೊದಲು, ಶಸ್ತ್ರಾಸ್ತ್ರ ವ್ಯಾಪಾರದ ನಂಟಿನಲ್ಲಿ ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿಗೆ ಕೊಟ್ಟ ನೆರವು ಕಾನೂನುಬಾಹಿರವೆಂದು 1994ರಲ್ಲಿ ಬ್ರಿಟನ್ನಿನ ನ್ಯಾಯಾಲಯವೇ ಹೇಳಿತ್ತು.

ಆದರೂ ಬಹಳ ಕಾಲ ನನ್ನ ಒಲವು ನಮ್ಮ ರೀತಿಯ ಕಡೆಗೇ ಇತ್ತು. ಕೊಡುವುದರ ಜೊತೆ ಬುದ್ಧಿ ಹೇಳುವ ಚಾಳಿ ನಮ್ಮದಲ್ಲ, ವ್ಯಾಪಾರವೆಂದರೆ ವ್ಯಾಪಾರ ಎಂದುಕೊಂಡಿದ್ದೆ. ಈಗ ಬ್ರಿಟನ್ನಿನ ಸಚಿವರೂ ನಾವು ದಾನಿಗಳಲ್ಲ, ಹೂಡಿಕೆದಾರರು ಎನ್ನುತ್ತಿದ್ದಾರೆ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಕಾರಣ ಒಂದು ಮಾತ್ರೆ. ಎಚ್‌ಐವಿ ಇರುವವರು ಅದನ್ನು ದಿನವೂ ನುಂಗಬೇಕು. ಬಿಟ್ಟರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಸೇತುವೆಯಾದರೆ ಸುಂಕ ತರುತ್ತದೆ, ಸಾಲ ತೀರುತ್ತದೆ. ಮೊಜಾಂಬಿಕ್‌ನ ಹಳ್ಳಿಯ ತಾಯಿ ನುಂಗುವ ಮಾತ್ರೆಗೆ ಯಾವ ಹೂಡಿಕೆದಾರ ಬರುತ್ತಾನೆ? 2003ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಆರಂಭಿಸಿದ, ಎಚ್‌ಐವಿ ಚಿಕಿತ್ಸೆಗೆ ಹಣ ಕೊಡುವ ಪೆಪ್‌ಫಾರ್ ಯೋಜನೆ ಅಂಥ ಕೋಟ್ಯಂತರ ಜನರನ್ನು ಉಳಿಸಿತು. 2025ರಲ್ಲಿ ಆ ಹಣ ಏಕಾಏಕಿ ನಿಂತಾಗ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ನೈಜೀರಿಯಾದ ಸಂಸತ್ತು ತನ್ನ ಬಜೆಟ್ಟಿನಲ್ಲೇ ಆರೋಗ್ಯಕ್ಕೆ ಇನ್ನೂ 20 ಕೋಟಿ ಡಾಲರ್ ಸೇರಿಸಿತು, ಮೆಚ್ಚಬೇಕಾದ್ದೇ. ಎಲ್ಲ ದೇಶಗಳ ಬೊಕ್ಕಸಕ್ಕೂ ಆ ಶಕ್ತಿ ಇಲ್ಲ.

ಆಫ್ರಿಕದಲ್ಲಿ ನುಂಗುವ ಆ ಮಾತ್ರೆಗಳಲ್ಲಿ ಬಹುಪಾಲು ತಯಾರಾಗುವುದು ಭಾರತದಲ್ಲಿ. ಮಾರಿದವರು ನಾವು, ಬಿಲ್ಲು ಹೆಚ್ಚಾಗಿ ಕಟ್ಟುತ್ತಿದ್ದವರು ಅಮೆರಿಕದವರು. ಸಹಭಾಗಿತ್ವದ ಮಾತಾಡುವ ನಾವು ಆ ಬಿಲ್ಲಿನ ಒಂದು ಪಾಲನ್ನಾದರೂ ಸಾಲವಾಗಿಯಲ್ಲದೆ ಸುಮ್ಮನೆ ಕೊಡಬಹುದಲ್ಲವೇ ಎಂದು ಈಚೆಗೆ ಒಬ್ಬ ಗೆಳೆಯನನ್ನು ಕೇಳಿದೆ. ಅವನೂ ಭಾರತದವನೇ. "ಚಂದ್ರನ ಮೇಲೆ ಇಳಿದರೇನಂತೆ, ನಮ್ಮಲ್ಲೇ ಬಡವರಿಲ್ಲವೇ?" ಎಂದ.