ಕ್ರಾಯ್ಡನ್‌ನಿಂದ ಹೊರಟ ಕಾಗದ ಬಳ್ಳಾರಿಗೆ ಬಂತು

ಆರು ವರ್ಷದಿಂದ ಬಸ್ಸಿನ ಕಿಟಕಿಯಲ್ಲಿ ನೋಡುತ್ತಿದ್ದ ವಿಮಾನದ ಹತ್ತಿರ ಮೊನ್ನೆ ಭಾನುವಾರ ಮೊದಲ ಸಲ ಹೋದೆ.

ನಾವಿರುವುದು ಲಂಡನ್ನಿನ ದಕ್ಷಿಣಕ್ಕೆ, ಕ್ರಾಯ್ಡನ್ ಪಕ್ಕ. ಕೆಲಸಕ್ಕೆ ದಿನಾ ಪರ್ಲಿ ವೇ ರಸ್ತೆ ದಾಟಿ ಹೋಗಬೇಕು. ಎರಡೂ ಕಡೆ ಬರೀ ಅಂಗಡಿಗಳು. ಅವುಗಳ ನಡುವೆ ಒಂದು ಹಳೇ ಕಟ್ಟಡ, ಅದರ ಮುಂದೆ ಕಂಬಗಳ ಮೇಲೆ ನಾಲ್ಕು ಎಂಜಿನ್ನಿನ ಪುಟ್ಟ ವಿಮಾನ. ಯಾರೋ ಅಂದಕ್ಕೆ ಇಟ್ಟಿರಬೇಕು ಅಂದುಕೊಂಡಿದ್ದೆ. ನನ್ನ ಮಗ ಮಾತ್ರ ಪ್ರತಿ ಸಲ ಕೇಳುತ್ತಿದ್ದ, "ಅಮ್ಮ, ಅದು ನಿಜವಾಗ್ಲೂ ಹಾರ್ತಿತ್ತಾ?"

ಹಾರುತ್ತಿತ್ತು. ಆ ಕಟ್ಟಡ ಒಂದು ಕಾಲಕ್ಕೆ ಲಂಡನ್ನಿನ ಮುಖ್ಯ ವಿಮಾನ ನಿಲ್ದಾಣ. ಈಗಿನ ಹೀಥ್ರೂ ಆಗ ಇರಲೇ ಇಲ್ಲ. ಕ್ರಾಯ್ಡನ್ ನಿಲ್ದಾಣ ಶುರುವಾದದ್ದು 1920ರಲ್ಲಿ, ಈ ಕಟ್ಟಡ ಆಗಿದ್ದು 1928ರಲ್ಲಿ. 1959ರ ಸೆಪ್ಟೆಂಬರ್ 30ರ ಸಂಜೆ ಕೊನೆಯ ಪ್ರಯಾಣಿಕರ ವಿಮಾನ ರಾಟರ್‌ಡ್ಯಾಮ್‌ಗೆ ಹೊರಟಿತು. ಅದೇ ರಾತ್ರಿ ನಿಲ್ದಾಣ ಮುಚ್ಚಿತು. ವಿಮಾನ ಇಳಿಯುತ್ತಿದ್ದ ಹುಲ್ಲಿನ ಬಯಲಿನಲ್ಲಿ ಸ್ವಲ್ಪ ಭಾಗ ಮನೆಗಳಾಗಿವೆ, ಉಳಿದ ಜಾಗದಲ್ಲಿ ಜನ ನಾಯಿ ಕರೆದುಕೊಂಡು ಓಡಾಡುತ್ತಾರೆ. ಕಟ್ಟಡ ಉಳಿದಿದೆ. ತಿಂಗಳಿಗೊಂದು ಭಾನುವಾರ ಅದರ ಟವರ್ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ನಡೆಸುವವರು ಸಂಬಳ ಇಲ್ಲದ ಜನ, ಹೆಚ್ಚಿನವರು ರಿಟೈರ್ ಆದವರು.

ಮೊದಲು ಆ ವಿಮಾನದ ಹತ್ತಿರ ಹೋದೆವು. ಹೆಸರು ಹೆರಾನ್, ಡಿ ಹ್ಯಾವಿಲೆಂಡ್ ಕಂಪನಿಯದು. ಆ ಕೊನೇ ವಿಮಾನದ ಬಣ್ಣ ಬಳಿದು, ಅದರ ನಂಬರನ್ನೇ ಬರೆದು ನಿಲ್ಲಿಸಿದ್ದಾರೆ. ಹೊಟ್ಟೆಯ ಕೆಳಗೆ ನಿಂತು ತಲೆ ಎತ್ತಿದರೆ ಸಾಲು ಸಾಲಾಗಿ ರಿವೆಟ್‌ಗಳು ಕಾಣುತ್ತವೆ. ಒಂದೊಂದೂ ಯಾರೋ ಕೈಯಲ್ಲಿ ಹೊಡೆದದ್ದು. ಅಲ್ಲಲ್ಲಿ ಬಣ್ಣದ ಕೆಳಗೆ ತಗಡು ಸ್ವಲ್ಪ ಒಳಗೆ ಹೋಗಿದೆ, ನಮ್ಮ ಮನೆಯ ಹಳೇ ಕೊಳಗ ತಗ್ಗಾಗಿರುತ್ತದಲ್ಲ, ಹಾಗೆ. ಹದಿನೈದು ಹದಿನೇಳು ಜನ ಕೂರುವಷ್ಟೇ ಜಾಗ. ನಮ್ಮ ಇಂಡಿಯನ್ ಏರ್‌ಲೈನ್ಸ್ ಹತ್ತಿರವೂ 1950ರ ದಶಕದಲ್ಲಿ ಹೆರಾನ್‌ಗಳಿದ್ದವು. ನಮ್ಮ ತಾತನ ಕಾಲದಲ್ಲಿ ಯಾರೋ ಒಬ್ಬರು ಇಂಥದ್ದರಲ್ಲೇ ಕೂತು, ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿರುತ್ತಾರೆ ಅನ್ನಿಸಿತು.

ಆಮೇಲೆ ಟವರ್ ಮೆಟ್ಟಿಲು ಹತ್ತಿದೆವು. ಅಲ್ಲಿ ಸಿಕ್ಕ ಒಬ್ಬ ಹಿರಿಯರ ಬಗ್ಗೆ ಹೇಳಲೇಬೇಕು. ಎಪ್ಪತ್ತೈದು ದಾಟಿರಬಹುದು. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಇಲ್ಲಿ ವಿಮಾನ ನೋಡಿದ್ದರಂತೆ. ಅವರು ನನ್ನ ಮಗನನ್ನು ಒಂದು ನಕಾಶೆಯ ಮುಂದೆ ನಿಲ್ಲಿಸಿ ಮೂರು ದಾರ ತೆಗೆದರು. ಒಂದರ ತುದಿ ಕ್ರಾಯ್ಡನ್ ಮೇಲೆ, ಇನ್ನೊಂದು ಲಿಂಪ್ನ್ ಮೇಲೆ, ಮತ್ತೊಂದು ಪುಲ್ಹಮ್ ಮೇಲೆ. "ಮಂಜು ಮುಸುಕಿದೆ. ಪೈಲಟ್‌ಗೆ ತಾನೆಲ್ಲಿದ್ದೀನಿ ಅಂತ ಗೊತ್ತಿಲ್ಲ. ರೇಡಿಯೋದಲ್ಲಿ ಕೇಳ್ತಾನೆ. ಮೂರೂ ಊರಿನವರು ಅವನ ದನಿ ಯಾವ ದಿಕ್ಕಿನಿಂದ ಬಂತು ಅಂತ ಹೇಳ್ತಾರೆ. ಈಗ ನೀನು ದಾರ ಎಳಿ." ಮಗ ಎಳೆದ. ಮೂರು ದಾರ ಸಮುದ್ರದ ಮೇಲೆ ಒಂದು ಕಡೆ ಕೂಡಿದವು. "ಅಲ್ಲಿದ್ದಾನೆ ನೋಡು. ಈಗ ಅವನಿಗೆ ಹೇಳು." ಒಂಬತ್ತು ವರ್ಷದ ಹುಡುಗ, ಒಂದು ನಿಮಿಷ ಸುಮ್ನೆ ಕೂರದವನು, ದಾರದ ಗಂಟಿನ ಮೇಲೆ ಬೆರಳಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದ.

ಹೀಗೆ ಕೆಲಸ ಮಾಡುತ್ತಿದ್ದ ರೇಡಿಯೋದವರಲ್ಲಿ ಒಬ್ಬರು ಮಾಕ್‌ಫರ್ಡ್. ವಿಮಾನ ಅಪಾಯದಲ್ಲಿದ್ದಾಗ ಪೈಲಟ್ ಕೂಗುವ 'ಮೇಡೇ' ಪದ ಅವರದ್ದೇ, 1920ರ ದಶಕದ ಶುರುವಿನದು. ಇಲ್ಲಿಂದ ಹೋಗಿ ಬರುತ್ತಿದ್ದ ವಿಮಾನಗಳಲ್ಲಿ ಹೆಚ್ಚಿನವು ಪ್ಯಾರಿಸ್‌ನವು. ಹಾಗಾಗಿ ಎರಡೂ ಕಡೆಯವರಿಗೆ ತಕ್ಷಣ ಅರ್ಥವಾಗಲಿ ಅಂತ, 'ನನಗೆ ಸಹಾಯ ಮಾಡಿ' ಎನ್ನುವ ಫ್ರೆಂಚ್ ಮಾತಿನ ಸದ್ದನ್ನೇ ಹಿಡಿದರು. ಇವತ್ತಿಗೂ ಜಗತ್ತಿನ ಎಲ್ಲಾ ಪೈಲಟ್‌ಗಳು ಹೇಳುವುದು ಅದನ್ನೇ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲ್ ಟವರ್ ಮೊದಲು ಎದ್ದದ್ದೂ ಕ್ರಾಯ್ಡನ್‌ನಲ್ಲೇ. ಈಗಿನ ಕಟ್ಟಡಕ್ಕೂ ಮುಂಚಿನ ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಆಗ ವಿಮಾನ ಇಳಿಯುವ ಬಯಲಿಗೂ ಶೆಡ್ಡುಗಳಿಗೂ ನಡುವೆ ಒಂದು ರಸ್ತೆ ಹಾದುಹೋಗುತ್ತಿತ್ತಂತೆ. ವಿಮಾನ ದಾಟುವಾಗ ಒಬ್ಬ ಕೆಂಪು ಬಾವುಟ ಹಿಡಿದು ಗಾಡಿಗಳನ್ನು ನಿಲ್ಲಿಸುತ್ತಿದ್ದ. ಥೇಟ್ ನಮ್ಮ ರೈಲ್ವೆ ಗೇಟ್!

1927ರ ಮೇ 29ರಂದು ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ತನ್ನ ವಿಮಾನದಲ್ಲೇ ಇಲ್ಲಿಗೆ ಬಂದಾಗ ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಏಮಿ ಜಾನ್ಸನ್. 1930ರ ಮೇ 5ರಂದು ಆ ಇಪ್ಪತ್ತಾರರ ಹುಡುಗಿ ಒಬ್ಬಳೇ, ಹಳೇ ಜಿಪ್ಸಿ ಮಾತ್ ವಿಮಾನದಲ್ಲಿ ಇಲ್ಲಿಂದ ಆಸ್ಟ್ರೇಲಿಯಾಕ್ಕೆ ಹೊರಟಳು. ಕಳಿಸಿಕೊಡಲು ಬಂದವರು ಬೆರಳೆಣಿಕೆ ಜನ. ದಾರಿಯಲ್ಲಿ ನಮ್ಮ ಝಾನ್ಸಿಯಲ್ಲೂ ಇಳಿದಳು. ಮೇ 24ಕ್ಕೆ ಡಾರ್ವಿನ್ ಮುಟ್ಟಿದಳು. ಆಗಸ್ಟ್‌ನಲ್ಲಿ ಕ್ರಾಯ್ಡನ್‌ಗೆ ವಾಪಸ್ ಬಂದಾಗ ರಸ್ತೆಯ ತುಂಬಾ ಜನವೋ ಜನ.

ಒಂದು ಮೇಜಿನ ಮೇಲೆ ಹಳೇ ಎಂಜಿನ್ನಿನ ಸಣ್ಣ ಪುಟ್ಟ ಭಾಗಗಳಿದ್ದವು. ಹಿರಿಯರು ಒಂದು ಸ್ಪಾರ್ಕ್ ಪ್ಲಗ್ ತೆಗೆದು ಮಗನ ಅಂಗೈಯಲ್ಲಿಟ್ಟರು. ನಮ್ಮ ಬೈಕಿನ ಪ್ಲಗ್‌ನ ಹಾಗೇ ಇದೆ, ಸ್ವಲ್ಪ ದಪ್ಪ. ತುದಿ ಕಪ್ಪಾಗಿತ್ತು. ಮಗ ಮೂಸಿ ನೋಡಿದ. "ಮುಟ್ಟಬಹುದಾ?" ಅಂತ ಕೈಯಲ್ಲಿ ಹಿಡಿದ ಮೇಲೆ ಕೇಳಿದ. "ಮುಟ್ಟೋಕೇ ಇಟ್ಟಿರೋದು," ಅಂದರು.

ಈ ಒಂದು ಮಾತಿಗೇ ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಒಂದು ಊರಿನ ಪಾರ್ಕಿನಲ್ಲಿ ಕಟ್ಟೆಯ ಮೇಲೆ ಒಂದು ಯುದ್ಧ ವಿಮಾನ ನಿಲ್ಲಿಸಿದ್ದರು. ಸುತ್ತ ಕಬ್ಬಿಣದ ಬೇಲಿ. ಅಪ್ಪನ ಕೈ ಬಿಡಿಸಿಕೊಂಡು ಬೇಲಿಯೊಳಗೆ ಕೈ ಚಾಚಿದೆ, ಅಷ್ಟೇ. ವಾಚ್‌ಮನ್ ಸೀಟಿ ಊದಿಕೊಂಡು ಓಡಿ ಬಂದ. ಆ ವಿಮಾನದ ಹೆಸರೇನು, ಎಲ್ಲಿ ಹಾರಿತ್ತು, ಯಾರು ಓಡಿಸಿದ್ದರು, ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ. ವಾಚ್‌ಮನ್ ತಪ್ಪಲ್ಲ, ಅವನಿಗೆ ಹೇಳಿದ್ದು ಅಷ್ಟೇ. ವಿಮಾನ ನಿಲ್ಲಿಸುವುದಕ್ಕೆ ದುಡ್ಡು ಖರ್ಚು ಮಾಡಿದವರು, ಅದರ ಪಕ್ಕ ನಿಂತು ಕಥೆ ಹೇಳಲು ಒಬ್ಬರನ್ನು ಇಡಲಿಲ್ಲ. ಕಥೆ ಹೇಳುವವರಿಲ್ಲದಿದ್ದರೆ ಅದು ಬರೀ ತಗಡು.

ಸ್ಪಾರ್ಕ್ ಪ್ಲಗ್ ನೋಡಿದಾಗ ನನಗೊಂದು ಕಥೆ ನೆನಪಾಯಿತು, ಮಗನಿಗೆ ಅಲ್ಲೇ ಹೇಳಿದೆ. ಇಂಗ್ಲೆಂಡ್ ಮತ್ತು ಇಂಡಿಯಾ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ ಅಂತ ಆಗಾ ಖಾನ್ ಘೋಷಿಸಿದ್ದರು. ಜೆಆರ್‌ಡಿ ಟಾಟಾ 1930ರಲ್ಲಿ ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹುಡುಗ ಇಂಗ್ಲೆಂಡ್‌ನಿಂದ ಹೊರಟಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಪ್ಲಗ್ ಇಲ್ಲದೆ ಕೂತಿದ್ದ. ಟಾಟಾ ತನ್ನ ಹತ್ತಿರ ಇದ್ದ ಪ್ಲಗ್‌ಗಳನ್ನೇ ಕೊಟ್ಟುಬಿಟ್ಟರು. ಆಸ್ಪಿ ಮೊದಲು ಗುರಿ ಮುಟ್ಟಿ ಬಹುಮಾನ ಗೆದ್ದ. ಅದೇ ಆಸ್ಪಿ ಮುಂದೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಮುಖ್ಯಸ್ಥರಾದರು, ಆಮೇಲೆ ವಾಯುಸೇನೆಯ ಮುಖ್ಯಸ್ಥರೂ ಆದರು. ನಾನು ಹೇಳಿದ್ದನ್ನು ಆ ಹಿರಿಯರೂ ಕೇಳಿಸಿಕೊಂಡರು. "ಇನ್ನೊಂದ್ಸಲ ಹೇಳಮ್ಮ, ಬರ್ಕೊಳ್ತೀನಿ" ಅಂತ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಕಥೆ ಹೇಳುವವರಿಗೆ ಕಥೆ ಕೇಳುವ ಆಸೆಯೂ ಇಷ್ಟಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರು ಇನ್ನೊಂದು ನಕಾಶೆ ತೋರಿಸಿದರು. 1929ರ ಮಾರ್ಚ್ 30ರಂದು ಇಲ್ಲಿಂದ ಇಂಡಿಯಾಕ್ಕೆ ವಿಮಾನದ ಟಪಾಲು ಶುರುವಾಯಿತು. ಇಂಪೀರಿಯಲ್ ಏರ್‌ವೇಸ್‌ನವರದ್ದು. ಕ್ರಾಯ್ಡನ್‌ನಿಂದ ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾಕ್ಕೆ ರೈಲು, ಆಮೇಲೆ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಈಜಿಪ್ಟ್, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಕರಾಚಿ. ಒಟ್ಟು ಏಳು ದಿನ. ಗೆರೆ ಕರಾಚಿಯಲ್ಲಿ ನಿಂತಿತ್ತು. "ಮುಂದೆ?" ಅಂತ ಕೇಳಿದೆ. "ಮುಂದಿನದ್ದನ್ನ ನಿಮ್ಮವರೇ ಮಾಡಿದ್ರು," ಅಂದರು.

ರಾತ್ರಿ ಮಗ ಮಲಗಿದ ಮೇಲೆ ಅದನ್ನೇ ಓದುತ್ತಾ ಕೂತೆ. 1932ರ ಅಕ್ಟೋಬರ್ 15. ಇಪ್ಪತ್ತೆಂಟು ವರ್ಷದ ಜೆಆರ್‌ಡಿ ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಟಪಾಲು ಹೊತ್ತು ಹೊರಟರು. ಅಹಮದಾಬಾದ್‌ನಲ್ಲಿ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈಯ ಜುಹೂನಲ್ಲಿ ಇಳಿದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್ ಟಪಾಲು ತೆಗೆದುಕೊಂಡು ಮದ್ರಾಸಿಗೆ ಹಾರಿದರು. ಮುಂದೆ ಏರ್ ಇಂಡಿಯಾ ಆಗಿ ಬೆಳೆದದ್ದು ಇದೇ. ಮುಂಬೈಗೂ ಮದ್ರಾಸಿಗೂ ನಡುವೆ ಆ ವಿಮಾನ ಇಳಿದದ್ದು ಎಲ್ಲಿ ಗೊತ್ತಾ?

ಬಳ್ಳಾರಿಯಲ್ಲಿ.

ನಮ್ಮ ಬಳ್ಳಾರಿಯಲ್ಲಿ! ನಾನು ಹುಟ್ಟಿ, ಓದಿ, ಕೋಟೆ ಗುಡ್ಡ ನೋಡುತ್ತಾ ಬೆಳೆದ ಊರಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ನಾನು ದಿನಾ ಬಸ್ಸಲ್ಲಿ ದಾಟುವ ಈ ಕಟ್ಟಡಕ್ಕೂ, ಬಿಸಿಲಲ್ಲಿ ಕಾದ ನನ್ನೂರಿನ ಮಣ್ಣಿಗೂ ಆಕಾಶದಲ್ಲಿ ಒಂದು ದಾರಿ ಇತ್ತು. ನಮಗೆ ಯಾರೂ ಹೇಳಿರಲಿಲ್ಲ.

ಆಗಲೇ ಊರಲ್ಲಿ ಬೆಳಗಿನ ಜಾವ. ಅಪ್ಪ ಎದ್ದಿರುತ್ತಾರೆ ಅಂತ ಫೋನ್ ಮಾಡಿದೆ. ಅಪ್ಪ ಅಂಚೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಟಪಾಲು ಸಾರ್ಟಿಂಗ್ ಮಾಡಿದವರು. ಎಲ್ಲಾ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಏರ್‌ಮೇಲ್ ಚೀಟಿ ಅಂಟಿಸಿದ ಕವರ್‌ಗೆ ಎಷ್ಟು ಸಲ ಸೀಲ್ ಹೊಡ್ದಿದ್ದೀನಮ್ಮ ಈ ಕೈಯಲ್ಲಿ. ನಂಗೇ ಗೊತ್ತಿರ್ಲಿಲ್ಲ" ಅಂದರು.

ನಾನು ಕೇಳುವುದು ದೊಡ್ಡದೇನಲ್ಲ. ಕೋಟಿಗಟ್ಟಲೆಯ ಮ್ಯೂಸಿಯಂ ಬೇಡ. ಬೆಂಗಳೂರಲ್ಲಿ ಎಚ್‌ಎಎಲ್ ಮ್ಯೂಸಿಯಂ 2001ರಿಂದ ಇದೆ, ನಮ್ಮವರೇ ಕಟ್ಟಿದ ಎಚ್‌ಟಿ-2, ಮಾರುತ್ ವಿಮಾನಗಳನ್ನು ಅಲ್ಲಿ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ದಯವಿಟ್ಟು. ಅದರ ಜೊತೆಗೆ ಊರೂರಿನಲ್ಲಿ ವರ್ಷಕ್ಕೆ ಒಂದೇ ಒಂದು ದಿನ ಸಾಕು. ಬಳ್ಳಾರಿಯಲ್ಲಿ ಅಕ್ಟೋಬರ್ 15 ಅಂದರೆ ಆಕಾಶದಿಂದ ಟಪಾಲು ಬಂದ ದಿನ ಅಂತ ಶಾಲೆ ಮಕ್ಕಳಿಗೆ ಗೊತ್ತಾಗಲಿ. ಒಂದು ಬಯಲು, ಒಂದು ನಕಾಶೆ, ಒಂದಷ್ಟು ದಾರ, ಒಂದು ಹಳೇ ಪ್ಲಗ್, ಕಥೆ ಹೇಳಲು ಅಪ್ಪನಂಥ ನಾಲ್ಕು ಜನ ರಿಟೈರ್ ಆದವರು. ಮಕ್ಕಳು ಒಬ್ಬೊಬ್ಬರೂ ಒಂದೊಂದು ಕಾಗದ ಬರೆದು ಡಬ್ಬಿಗೆ ಹಾಕಲಿ.

ಹಾಗೇ ಬೆಂಗಳೂರಿನ ಹಳೇ ಏರ್‌ಪೋರ್ಟ್. 2008ರ ಮೇ ತನಕ ನಾವೆಲ್ಲ ಹತ್ತಿದ್ದು, ಇಳಿದದ್ದು ಅಲ್ಲೇ ಅಲ್ವಾ? ಮೊದಲ ಸಲ ಹೊರದೇಶಕ್ಕೆ ಹೊರಟ ಮಕ್ಕಳನ್ನು ಕಳಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡು ನಿಂತ ಅಮ್ಮಂದಿರು ಎಷ್ಟು ಜನ! ಆ ಕಟ್ಟಡದಲ್ಲಿ ಲಗೇಜ್ ಎತ್ತಿದವರು, ಟವರ್‌ನಲ್ಲಿ ಕೂತವರು, ಹೊರಗೆ ಟ್ಯಾಕ್ಸಿ ಓಡಿಸಿದವರು ಇನ್ನೂ ಇದ್ದಾರೆ. ಅವರನ್ನು ಈಗಲೇ ಮಾತಾಡಿಸಬೇಕು. ಕ್ರಾಯ್ಡನ್ ಮುಚ್ಚಿ ಅರವತ್ತು ವರ್ಷದ ಮೇಲಾಯಿತು. ಅಲ್ಲಿ ನನಗೆ ಸಿಕ್ಕ ಹಿರಿಯರು ಆಗ ಪುಟ್ಟ ಹುಡುಗ. ಇನ್ನು ಹತ್ತು ವರ್ಷ ಬಿಟ್ಟು ಹೋಗಿದ್ದರೆ ಅವರು ಸಿಗುತ್ತಿದ್ದರೋ ಇಲ್ಲವೋ.

ಮರುದಿನ ಅಪ್ಪನಿಂದಲೇ ಫೋನ್ ಬಂತು. ಟಿವಿಎಸ್ ತೆಗೆದುಕೊಂಡು ಕಂಟೋನ್‌ಮೆಂಟ್ ಕಡೆ ಹೋಗಿದ್ದರಂತೆ. ವಿಮಾನ ಇಳಿದ ಜಾಗ ಯಾವುದು ಅಂತ ಕಂಡ ಕಂಡ ಹಿರಿಯರನ್ನೆಲ್ಲ ಕೇಳಿದ್ದಾರೆ.

"ಯಾರಿಗೂ ಗೊತ್ತಿಲ್ಲ ಕಣಮ್ಮ. ಆದ್ರೆ ಟೀ ಅಂಗಡೀಲಿ ಕೂತಿದ್ದ ಐದಾರು ಜನಕ್ಕೆ ಎಲ್ಲಾ ಹೇಳಿ ಬಂದೆ. ಅವ್ರಲ್ಲೊಬ್ಬ ಅವ್ನ ತಾತನ್ನ ಕೇಳ್ತೀನಿ ಅಂದ. ನಾಳೆ ಮತ್ತೆ ಹೋಗ್ತೀನಿ."

ಬಳ್ಳಾರಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ. ಏನೇ ಗೊತ್ತಾದರೂ ಹೇಳಿ, ನಾನು ಅಪ್ಪನಿಗೆ ಓದಿ ಹೇಳುತ್ತೇನೆ.